ಮೀಸಲು ಪಡೆಯ ವೈಮಾನಿಕ ಚಾರ್ಲ್ಸ್ ಲಿಂಡ್‌ಬರ್ಗ್

ಕ್ರಿ. ಶ. 1927ನೆಯ ಇಸವಿ ಮೇ ತಿಂಗಳು 20ನೆಯ ತಾರೀಖು ಬೆಳಿಗ್ಗೆ ನ್ಯೂಯಾರ್ಕ್ ನಗರದ ಬಳಿಯ ರೂಸ್‌ವೆಲ್ಟ್ ಮೈದಾನದಿಂದ ಒಂದೇ ಎಂಜಿನಿನ ಸಣ್ಣ ವಿಮಾನವೊಂದು ಮೇಲಕ್ಕೆದ್ದಿತು. ಅದರಲ್ಲಿದ್ದವನು ಒಬ್ಬನೇ. ಮೂವತ್ತಮೂರೂವರೆ ಗಂಟೆಗಳ ಕಾಲ ಎಲ್ಲಿಯೂ ಇಳಿಯದೆ, ನಿದ್ದೆಯಿಲ್ಲದೆ, ಅಟ್ಲಾಂಟಿಕ್ ಮಹಾಸಾಗರವನ್ನು ದಾಟಿ, ಸುಮಾರು 3,600 ಮೈಲಿ ಹಾರಿ, ಮರುದಿನ ರಾತ್ರಿ ಆತನು ಪ್ಯಾರಿಸಿನ ಲೆ ಬೂರ್ಜೆ ವಿಮಾನನಿಲ್ದಾಣದಲ್ಲಿ ಇಳಿದನು. ಆತನೇ ಚಾರ್ಲ್ಸ್ ಲಿಂಡ್‌ಬರ್ಗ್. ಆಗ ಆತನಿಗೆ 25 ವರ್ಷ ವಯಸ್ಸು. ಪತ್ರಿಕೆಗಳು ಅವನನ್ನು ಅದೃಷ್ಟವಂತನೆಂದು ಕರೆದುವು; ಆ ಹೆಸರು ಕಡೆಯತನಕ ಅವನಿಗೆ ಅಂಟಿಕೊಂಡಿತು.

ಆದರೆ ಅದೃಷ್ಟವೊಂದರಿಂದಲೇ ಸಮುದ್ರವನ್ನು ದಾಟಲಾಗುವುದಿಲ್ಲ. ಆ ಮೂವತ್ತಮೂರೂವರೆ ಗಂಟೆಗಳ ಹಿಂದೆ ಒಂದು ಅರ್ಜಿಯಿದೆ, ಒಂದು ಪ್ರವೇಶ ಪರೀಕ್ಷೆಯಿದೆ, ಒಂದು ವರ್ಷದ ಕಠಿಣವಾದ ವ್ಯಾಸಂಗವಿದೆ, ಅನೇಕ ಭಾನುವಾರಗಳ ಅಭ್ಯಾಸವಿದೆ. ಲಿಂಡ್‌ಬರ್ಗನು ಸೈನ್ಯದ ಪೂರ್ಣಾವಧಿಯ ನೌಕರನಾಗಿರಲಿಲ್ಲ. ವಾರವೆಲ್ಲ ತನ್ನ ಹೊಟ್ಟೆಪಾಡಿನ ಕೆಲಸವನ್ನು ಮಾಡಿಕೊಂಡು, ಬಿಡುವಿನ ದಿನ ಸಮವಸ್ತ್ರ ಧರಿಸುವ ಮೀಸಲು ಪಡೆಯ ವೈಮಾನಿಕನಾಗಿದ್ದನು. ಅವನ ಚರಿತ್ರೆಯ ಈ ಭಾಗವು ವಿದ್ಯಾರ್ಥಿಗಳಾದ ನಮಗೆ ಬಹಳ ಸಮೀಪವಾದುದು. ಏಕೆಂದರೆ ಈ ಮಹಾಸಾಹಸಿಯು ಮೊದಲು ಕಾಲೇಜಿನಲ್ಲಿ ಸೋತವನು.

ಲಿಂಡ್‌ಬರ್ಗನು 1902ನೆಯ ಇಸವಿ ಫೆಬ್ರವರಿ 4ರಂದು ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಜನಿಸಿದನು. ಬೆಳೆದದ್ದು ಮಿನ್ನೆಸೋಟ ಸಂಸ್ಥಾನದ ಲಿಟ್ಲ್ ಫಾಲ್ಸ್ ಎಂಬ ಊರಿನ ಹೊಲಮನೆಯಲ್ಲಿ. ತಂದೆಯು ಸ್ವೀಡನ್ನಿನಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಅಮೆರಿಕಕ್ಕೆ ಬಂದವನು. ವಕೀಲಿ ಮಾಡಿ, 1907ರಿಂದ 1917ರ ವರೆಗೆ ಅಮೆರಿಕದ ಕಾಂಗ್ರೆಸ್ ಸಭೆಯ ಸದಸ್ಯನಾಗಿದ್ದನು. ಮೊದಲನೆಯ ಮಹಾಯುದ್ಧಕ್ಕೆ ಅಮೆರಿಕವು ಸೇರಕೂಡದೆಂದು ವಾದಿಸಿ ಜನರ ನಿಷ್ಠುರಕ್ಕೆ ಗುರಿಯಾದನು. ತಾಯಿಯು ರಸಾಯನಶಾಸ್ತ್ರವನ್ನು ಬೋಧಿಸುವ ಉಪಾಧ್ಯಾಯಿನಿ. ಹುಡುಗನಿಗೆ ಪುಸ್ತಕಕ್ಕಿಂತ ಯಂತ್ರಗಳ ಮೇಲೆ ಪ್ರೀತಿ. ಹದಿನಾರರ ವಯಸ್ಸಿನಿಂದ ಎರಡು ವರ್ಷ ಹೊಲದ ಕೆಲಸವನ್ನೆಲ್ಲ ತಾನೇ ನೋಡಿಕೊಂಡನು.

1920ರಲ್ಲಿ ಆತನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಎಂಜಿನಿಯರಿಂಗ್ ಓದಲು ಸೇರಿದನು. ತರಗತಿಯ ಪಾಠಗಳು ಅವನಿಗೆ ರುಚಿಸಲಿಲ್ಲ. ರೈಫಲು ಪಿಸ್ತೂಲುಗಳ ಗುರಿಕಾರರ ತಂಡದಲ್ಲಿಯೂ, ನಮ್ಮ ಎನ್. ಸಿ. ಸಿ.ಯನ್ನು ಹೋಲುವ ವಿದ್ಯಾರ್ಥಿ ಸೈನಿಕ ಶಿಕ್ಷಣದಲ್ಲಿಯೂ ಮಾತ್ರ ಮನಸ್ಸು ನಿಂತಿತು. ಮಿಕ್ಕ ವಿಷಯಗಳಲ್ಲಿ ಅಂಕಗಳು ಇಳಿಯುತ್ತ ಹೋಗಿ, 1922ರ ಆರಂಭದಲ್ಲಿ, ಎರಡನೆಯ ವರ್ಷದ ನಡುವೆಯೇ ಕಾಲೇಜನ್ನು ಬಿಡಬೇಕಾಯಿತು. ತಾಯಿ ಉಪಾಧ್ಯಾಯಿನಿ, ತಂದೆ ದೇಶದ ಶಾಸನಸಭೆಯಲ್ಲಿ ಕುಳಿತವನು, ಮಗನಿಗೆ ಪದವಿಯಿಲ್ಲ. ಆ ಮನೆಯಲ್ಲಿ ಇದು ಎಂಥ ಪೆಟ್ಟಾಗಿದ್ದಿತೆಂಬುದನ್ನು ನಾವು ಊಹಿಸಬಹುದು.

ಕಾಲೇಜು ಬಿಟ್ಟವನು ತನ್ನ ಮೋಟಾರು ಸೈಕಲ್ಲನ್ನೇರಿ ನೆಬ್ರಾಸ್ಕದ ಲಿಂಕನ್ ಪಟ್ಟಣಕ್ಕೆ ಹೋದನು. ಅಲ್ಲಿ ವಿಮಾನ ತಯಾರಿಸುವ ಕಂಪೆನಿಯೊಂದು ಹಾರಾಟವನ್ನೂ ಕಲಿಸುತ್ತಿದ್ದಿತು. 1922ರ ಏಪ್ರಿಲ್ 9ರಂದು ಆತನು ಮೊದಲ ಬಾರಿಗೆ ಆಕಾಶಕ್ಕೇರಿದನು. ಸುಮಾರು ಎಂಟು ಗಂಟೆಗಳ ಪಾಠವಾಯಿತು. ಆದರೆ ಒಂಟಿಯಾಗಿ ಹಾರಬೇಕಾದರೆ ವಿಮಾನ ಮುರಿದರೆ ಕಟ್ಟಿಕೊಡುವೆನೆಂದು ಠೇವಣಿ ಇಡಬೇಕಾಗಿದ್ದಿತು. ಅವನ ಕೈಯಲ್ಲಿ ಅಷ್ಟು ಹಣವಿರಲಿಲ್ಲ. ಆದ್ದರಿಂದ ಊರೂರು ತಿರುಗುವ ವೈಮಾನಿಕರ ತಂಡಗಳಿಗೆ ಸೇರಿ, ಹಾರುವ ವಿಮಾನದ ರೆಕ್ಕೆಯ ಮೇಲೆ ನಡೆಯುವುದು, ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕುವುದು ಮೊದಲಾದ ಸರ್ಕಸ್ಸಿನ ಆಟಗಳಿಂದ ದಿನ ದೂಡಿದನು. 1923ರಲ್ಲಿ ಜಾರ್ಜಿಯ ಸಂಸ್ಥಾನದಲ್ಲಿ ಸೈನ್ಯವು ಮಾರುತ್ತಿದ್ದ ಹಳೆಯ ಜೆನ್ನಿ ವಿಮಾನವೊಂದನ್ನು 500 ಡಾಲರಿಗೆ ಕೊಂಡು, ಅದರಲ್ಲಿಯೇ ಮೊದಲ ಸಲ ಒಬ್ಬನೇ ಹಾರಿದನು. ಬಳಿಕ ಹಳ್ಳಿಗಳ ಬಯಲುಗಳಲ್ಲಿಳಿದು, ತಲೆಗೆ 5 ಡಾಲರಿನಂತೆ ಜನರನ್ನು ಕೂರಿಸಿಕೊಂಡು ಆಕಾಶ ತೋರಿಸುತ್ತ ಜೀವನ ಸಾಗಿಸಿದನು.

ಈ ಬಾಳಿನಲ್ಲಿ ಸ್ವಾತಂತ್ರ್ಯವಿದ್ದಿತು, ಮುನ್ನಡೆಯಿರಲಿಲ್ಲ. ಜೆನ್ನಿಯ ಎಂಜಿನಿನ ಶಕ್ತಿ 90 ಅಶ್ವಬಲ. ಸೈನ್ಯದ ಡಿ. ಎಚ್. 4 ವಿಮಾನದ ಲಿಬರ್ಟಿ ಎಂಜಿನಿನ ಶಕ್ತಿ 400 ಅಶ್ವಬಲ. 1923ರ ಅಕ್ಟೋಬರಿನಲ್ಲಿ ಸೇಂಟ್ ಲೂಯಿಯಲ್ಲಿ ನಡೆದ ವಿಮಾನ ಪಂದ್ಯಗಳನ್ನು ನೋಡಲು ಹೋದಾಗ ತಾನು ಹಾರಿಸುವ ಹಳೆಯ ಯಂತ್ರಕ್ಕೂ ಹೊಸ ವಿಮಾನಗಳಿಗೂ ಇರುವ ಅಂತರವು ಅವನ ಕಣ್ಣಿಗೆ ಕಟ್ಟಿತು. ಅಂಥ ವಿಮಾನಗಳನ್ನು ಬಡವನು ಮುಟ್ಟಬೇಕಾದರೆ ಇದ್ದ ದಾರಿ ಒಂದೇ: ಸೈನ್ಯದ ವೈಮಾನಿಕ ಶಾಲೆ.

ಇಲ್ಲಿ ಮೀಸಲು ಪಡೆಯೆಂದರೇನೆಂಬುದನ್ನು ಸ್ವಲ್ಪ ವಿವರಿಸಬೇಕು. ಶಾಂತಿಕಾಲದಲ್ಲಿ ದೊಡ್ಡ ಸೈನ್ಯವನ್ನು ಸಾಕುವುದು ಯಾವ ದೇಶಕ್ಕೂ ಭಾರವೇ. ಆದ್ದರಿಂದ ತರುಣರಿಗೆ ಪೂರ್ಣ ಶಿಕ್ಷಣ ಕೊಟ್ಟು, ಅಧಿಕಾರಪತ್ರವನ್ನೂ ಕೊಟ್ಟು, ಅವರನ್ನು ತಮ್ಮ ತಮ್ಮ ವೃತ್ತಿಗಳಿಗೆ ಮರಳಿ ಕಳುಹಿಸುವರು. ಅವರು ಆಗಾಗ್ಗೆ ಬಂದು ಅಭ್ಯಾಸ ಮಾಡುತ್ತಿರಬೇಕು. ದೇಶವು ಕರೆದಾಗ ಓಗೊಡಬೇಕು. ನಮ್ಮ ದೇಶದಲ್ಲಿ 1949ರಲ್ಲಿ ಆರಂಭವಾದ ಟೆರಿಟೋರಿಯಲ್ ಆರ್ಮಿಯ ತತ್ತ್ವವೂ ಇದೇ. 1952ರಲ್ಲಿ ನಮ್ಮ ಪಾರ್ಲಿಮೆಂಟು ವಾಯುಪಡೆಗೂ ಇಂಥ ಮೀಸಲು ಮತ್ತು ಸಹಾಯಕ ದಳಗಳನ್ನು ಕಟ್ಟಲು ಕಾಯಿದೆ ಮಾಡಿತು. ಅಮೆರಿಕದ ಸೈನ್ಯವು ಅಂದು ಫ್ಲೈಯಿಂಗ್ ಕೆಡೆಟ್ ಎಂಬ ಹೆಸರಿನಲ್ಲಿ ತರುಣರನ್ನು ಒಂದು ವರ್ಷ ತರಬೇತು ಮಾಡಿ, ಗೆದ್ದವರನ್ನು ಮೀಸಲು ಪಡೆಯ ಸೆಕೆಂಡ್ ಲೆಫ್ಟಿನೆಂಟರನ್ನಾಗಿ ಮಾಡುತ್ತಿದ್ದಿತು. ಕೆಡೆಟ್ಟಿನ ಸಂಬಳ ತಿಂಗಳಿಗೆ 75 ಡಾಲರು.

ಲಿಂಡ್‌ಬರ್ಗನು ಅರ್ಜಿ ಬರೆದುಕೊಂಡನು. ಇಲಿನಾಯ್ ಸಂಸ್ಥಾನದ ಶನೂಟ್ ಫೀಲ್ಡಿನಲ್ಲಿ ಪರೀಕ್ಷಾಮಂಡಲಿಯ ಮುಂದೆ ಹಾಜರಾಗಬೇಕೆಂದು ಉತ್ತರ ಬಂದಿತು. 1924ರ ಜನವರಿಯಲ್ಲಿ ಅಲ್ಲಿ ದೇಹಪರೀಕ್ಷೆಯೂ ವಿದ್ಯಾಪರೀಕ್ಷೆಯೂ ನಡೆದುವು. ಕಾಲೇಜಿನಲ್ಲಿ ಎಡವಿದವನು ಇಲ್ಲಿ ತೇರ್ಗಡೆಯಾದನು. ಅದೇ ಮಾರ್ಚ್ ತಿಂಗಳಲ್ಲಿ ಟೆಕ್ಸಾಸ್ ಸಂಸ್ಥಾನದ ಸ್ಯಾನ್ ಆಂಟೋನಿಯೊ ನಗರದ ಬಳಿಯ ಬ್ರೂಕ್ಸ್ ಫೀಲ್ಡಿಗೆ ಹೋಗಿ ಸೇರಿದನು.

ಅಂದು ಅವನೊಡನೆ ತರಗತಿಯಲ್ಲಿದ್ದವರು ಒಟ್ಟು 104 ಮಂದಿ. ಅವರಲ್ಲಿ ಅನೇಕರು ವಿಮಾನದ ಹತ್ತಿರ ನಿಂತವರೂ ಅಲ್ಲ. ಲಿಂಡ್‌ಬರ್ಗನಿಗಾದರೋ 300 ಗಂಟೆಗಳಿಗೂ ಹೆಚ್ಚಿನ ಹಾರಾಟದ ಅನುಭವವಿದ್ದಿತು. ತನಗೆ ಇದು ನೀರು ಕುಡಿದಷ್ಟು ಸುಲಭವೆಂದು ಅವನು ತಿಳಿದಿದ್ದರೆ ಆಶ್ಚರ್ಯವಿಲ್ಲ. ಆದರೆ ಸೈನ್ಯದ ಶಾಲೆಯಲ್ಲಿ ಹಾರಾಟವು ಅರ್ಧ ಪಾಠ ಮಾತ್ರ. ಮಿಕ್ಕ ಅರ್ಧವು ತರಗತಿಯ ಕೊಠಡಿಯಲ್ಲಿಯೇ ಇದ್ದಿತು. ವಾಯುಚಲನಶಾಸ್ತ್ರ, ದಿಕ್ಕು ಹಿಡಿದು ಸಾಗುವ ವಿದ್ಯೆ, ಹವಾಮಾನ, ತಂತಿ ಸಂಕೇತ, ಛಾಯಾಚಿತ್ರಣ, ಮೆಷಿನ್ ಗನ್ನು, ಬಾಂಬಿನ ವಿಚಾರ, ಸೈನಿಕ ನ್ಯಾಯ, ಕೊನೆಗೆ ಸರಕಾರಿ ಸಾಮಾನುಗಳ ಲೆಕ್ಕ ಬರೆಯುವ ಕ್ರಮ, ಹೀಗೆ ವಿಷಯಗಳ ಸಾಲು ಬೆಳೆದಿದ್ದಿತು. ತೇರ್ಗಡೆಗೆ ನೂರಕ್ಕೆ 70 ಅಂಕ ಬೇಕು. ಅದಕ್ಕೆ ಕಡಿಮೆ ಬಂದವನ ಸ್ಥಾನವೇ ಅಲುಗಾಡುತ್ತಿದ್ದಿತು.

ಸಾಮಾನಿನ ಲೆಕ್ಕದ ಪರೀಕ್ಷೆಯಲ್ಲಿ ಲಿಂಡ್‌ಬರ್ಗನಿಗೆ ಬಂದದ್ದು 72. ಎರಡೇ ಅಂಕಗಳ ಅಂತರದಲ್ಲಿ ಅವನು ಬಚಾವಾದನು. ಈ 72 ಅವನ ಕಣ್ಣು ತೆರೆಯಿಸಿತು. ವಿಶ್ವವಿದ್ಯಾಲಯದಲ್ಲಿ ಅಂಕ ಹೋದರೆ ಹೋದದ್ದು ಅಂಕ ಮಾತ್ರ. ಇಲ್ಲಿ ಅಂಕ ಹೋದರೆ ಹೋಗುವುದು ಆಕಾಶ. ಅಂದಿನಿಂದ ಆತನು ಓದಿದ ರೀತಿಯೇ ಬೇರೆ. ರಾತ್ರಿ ನಿಗದಿಯಾದ ಹೊತ್ತಿಗೆ ಕೆಡೆಟ್ಟುಗಳ ವಸತಿಯಲ್ಲಿ ದೀಪ ಆರಿಸುತ್ತಿದ್ದರು. ಪಾಯಖಾನೆಯಲ್ಲಿ ಮಾತ್ರ ದೀಪ ಉರಿಯುತ್ತಿದ್ದಿತು. ಲಿಂಡ್‌ಬರ್ಗನು ಪುಸ್ತಕವನ್ನೆತ್ತಿಕೊಂಡು ಅಲ್ಲಿಗೆ ಹೋಗಿ ಕುಳಿತು ನಡುರಾತ್ರಿಯವರೆಗೂ ಓದುತ್ತಿದ್ದನು. ಬೀದಿದೀಪದ ಕೆಳಗೆ ಓದಿದ ಮಹನೀಯರ ಕಥೆಗಳನ್ನು ನಾವು ಕೇಳಿದ್ದೇವೆ. ಇದೂ ಆ ಜಾತಿಯದೇ. ಕ್ರಮೇಣ ಅವನ ಅಂಕಗಳು ತೊಂಬತ್ತನ್ನು ದಾಟತೊಡಗಿದುವು.

ಹಾರಾಟದ ಪಾಠವೂ ಕಠಿಣವಾಗಿದ್ದಿತು. ಹೊಲಗಳಲ್ಲಿ ಇಳಿದು ಅಭ್ಯಾಸವಾದವನು ಇಲ್ಲಿ, ಎಂಜಿನಿನ ವೇಗ ತಗ್ಗಿಸಿ, ಗೆರೆ ಹಾಕಿ ತೋರಿಸಿದ ಜಾಗದಲ್ಲಿಯೇ ಇಳಿಯಬೇಕಾಗಿದ್ದಿತು. ಶಿಕ್ಷಕನ ಮನಸ್ಸಿಗೆ ಒಪ್ಪದಿದ್ದರೆ ಪರಿಶೀಲಕ ಅಧಿಕಾರಿಯು ಪರೀಕ್ಷಿಸುವನು. ಅವನಿಗೂ ಒಪ್ಪದಿದ್ದರೆ ಮಂಡಲಿಯೊಂದು ಕರೆಸಿ ಮನೆಗೆ ಕಳುಹಿಸುವುದು. ಆ ಮಂಡಲಿಗೆ ಕೆಡೆಟ್ಟುಗಳು ಬೆನ್ಜೀನ್ ಮಂಡಲಿಯೆಂದು ಹೆಸರಿಟ್ಟಿದ್ದರು. ಕಲೆಗಳನ್ನು ಬೆನ್ಜೀನ್ ತೊಳೆದುಹಾಕುವಂತೆ ಅದು ಹುಡುಗರನ್ನು ತೊಳೆದುಹಾಕುತ್ತಿದ್ದಿತು. ವಾರ ವಾರವೂ ಯಾವುದಾದರೊಂದು ಮಂಚ ಬರಿದಾಗುವುದು. ಈ ನಡುವೆ 1924ರ ಮೇ ತಿಂಗಳಲ್ಲಿ ಲಿಂಡ್‌ಬರ್ಗನ ತಂದೆಯು ಮಿದುಳಿನ ಗಡ್ಡೆಯಿಂದ ತೀರಿಕೊಂಡನು. ಹಿಂದಿನ ವರ್ಷವಷ್ಟೇ ತಂದೆಯ ಚುನಾವಣಾ ಪ್ರಚಾರಕ್ಕಾಗಿ ಮಗನು ತನ್ನ ಜೆನ್ನಿಯನ್ನು ಹಾರಿಸಿದ್ದನು. ದುಃಖವನ್ನು ನುಂಗಿಕೊಂಡು ಆತನು ಪಾಠಗಳನ್ನು ಮುಂದುವರಿಸಿದನು. ಬ್ರೂಕ್ಸ್ ಫೀಲ್ಡಿನ ವ್ಯಾಸಂಗ ಮುಗಿದಾಗ ತರಗತಿಗೆ ಎರಡನೆಯವನಾಗಿದ್ದನು.

ಉಳಿದವರೆಲ್ಲರೂ 1924ರ ಸೆಪ್ಟೆಂಬರಿನಲ್ಲಿ ಪಕ್ಕದ ಕೆಲ್ಲಿ ಫೀಲ್ಡಿಗೆ ಹೋದರು. ಅದು ಮೇಲಿನ ತರಗತಿ. ಶತ್ರುವಿನ ಚಲನವಲನ ನೋಡುವುದು, ಬಾಂಬು ಹಾಕುವುದು, ನೆಲದ ಸೈನ್ಯದ ಮೇಲೆ ಎರಗುವುದು, ಆಕಾಶದಲ್ಲಿಯೇ ವೈರಿಯನ್ನು ಬೆನ್ನಟ್ಟುವುದು ಎಂದು ಅಲ್ಲಿ ನಾಲ್ಕು ವಿಭಾಗಗಳು. ಲಿಂಡ್‌ಬರ್ಗನಿಗೆ ಬೆನ್ನಟ್ಟುವ ವಿಮಾನಗಳ ವಿಭಾಗ ದೊರೆಯಿತು. ಮೂರು ಮೂರು ವಿಮಾನಗಳು ಒಂದಕ್ಕೊಂದು ತೀರ ಸಮೀಪವಾಗಿ, ಒಂದೇ ಮನಸ್ಸಿನಿಂದೆಂಬಂತೆ ಹಾರಬೇಕು.

1925ರ ಮಾರ್ಚ್ 6ರಂದು, ಪದವಿಪ್ರದಾನಕ್ಕೆ ಎಂಟೇ ದಿನ ಉಳಿದಿದ್ದಾಗ, ಒಂಬತ್ತು ವಿಮಾನಗಳು ಶತ್ರುವೆಂದು ಗೊತ್ತುಮಾಡಿದ್ದ ಒಂದು ವಿಮಾನದ ಮೇಲೆ ಕಪಟಯುದ್ಧದಲ್ಲಿ ಎರಗಿದುವು. ಲಿಂಡ್‌ಬರ್ಗನ ವಿಮಾನವೂ ಲೆಫ್ಟಿನೆಂಟ್ ಮ್ಯಾಕ್ಆಲಿಸ್ಟರನ ವಿಮಾನವೂ ಡಿಕ್ಕಿ ಹೊಡೆದು ಒಂದರೊಳಗೊಂದು ಸಿಕ್ಕಿಕೊಂಡವು. ಇಬ್ಬರೂ ಹೊರಕ್ಕೆ ಧುಮುಕಿ ಪ್ಯಾರಾಚೂಟ್ ಬಿಚ್ಚಿದರು. ವಿಮಾನಗಳು ಕೆಳಗೆ ಬಿದ್ದು ಹೊತ್ತಿಕೊಂಡು ಉರಿದುವು. ಇಬ್ಬರು ತರುಣರೂ ಬದುಕಿದರು. ಅಷ್ಟೇ ಅಲ್ಲ, ಅಂದೇ ಮತ್ತೆ ಬೇರೆ ವಿಮಾನಗಳನ್ನೇರಿ ಹಾರಿದರು. ಹೆದರಿಕೆಯು ಮನಸ್ಸಿನಲ್ಲಿ ಮನೆಮಾಡುವುದಕ್ಕೆ ಮೊದಲೇ ಕೆಲಸಕ್ಕೆ ಮರಳುವುದು ವೈಮಾನಿಕರ ಪದ್ಧತಿ.

ಆ ತಿಂಗಳ ನಡುವೆ ಪದವಿಪ್ರದಾನವಾಯಿತು. 104 ಮಂದಿಯಲ್ಲಿ ಉಳಿದಿದ್ದವರು 18 ಮಂದಿ. ಅವರಲ್ಲಿ ಮೊದಲನೆಯವನು ಲಿಂಡ್‌ಬರ್ಗ್. ಮೂರು ವರ್ಷಗಳ ಹಿಂದೆ ಅಂಕಗಳಿಲ್ಲದೆ ಕಾಲೇಜು ಬಿಟ್ಟವನೂ ಇವನೂ ಒಬ್ಬನೇ. ಬುದ್ಧಿ ಹಿಂದೆಯೂ ಇದ್ದಿತು. ಓದಿಗೂ ಬಾಳಿಗೂ ಇರುವ ಗಂಟು ಮಾತ್ರ ಅಂದು ಕಾಣಿಸಿರಲಿಲ್ಲ, ಇಂದು ಕಾಣಿಸಿತು. ವಿಮಾನವನ್ನು ಪ್ರೀತಿಸಿದವನು ವಿಮಾನಕ್ಕಾಗಿ ಲೆಕ್ಕಪತ್ರವನ್ನೂ ಪ್ರೀತಿಸಲು ಕಲಿತನು.

ಸೈನ್ಯಕ್ಕೆ ಆಗ ಪೂರ್ಣಾವಧಿಯ ಹೊಸ ವೈಮಾನಿಕರು ಬೇಕಾಗಿರಲಿಲ್ಲ. ಮೀಸಲು ಪಡೆಯ ಸೆಕೆಂಡ್ ಲೆಫ್ಟಿನೆಂಟನೆಂಬ ಅಧಿಕಾರಪತ್ರವನ್ನು ಕಿಸೆಯಲ್ಲಿಟ್ಟುಕೊಂಡು ಲಿಂಡ್‌ಬರ್ಗನು ಸೇಂಟ್ ಲೂಯಿ ನಗರಕ್ಕೆ ಕೆಲಸ ಹುಡುಕಿಕೊಂಡು ಹೋದನು. 1925ರ ನವೆಂಬರಿನಲ್ಲಿ ಮಿಸೌರಿ ಸಂಸ್ಥಾನದ ನ್ಯಾಷನಲ್ ಗಾರ್ಡಿನ 110ನೆಯ ವೀಕ್ಷಣಾ ದಳಕ್ಕೆ ಸೇರಿದನು. ಅದು ಅರೆಕಾಲದ ಸೈನಿಕರ ದಳ. ವ್ಯಾಪಾರಿಗಳು, ಗುಮಾಸ್ತರು, ಯಂತ್ರ ಕೆಲಸಗಾರರು ವಾರದ ಕೆಲಸ ಮುಗಿಸಿ ಭಾನುವಾರ ಲ್ಯಾಂಬರ್ಟ್ ಮೈದಾನದಲ್ಲಿ ನೆರೆದು ಹಾರುತ್ತಿದ್ದರು. 1916ರ ಕಾಯಿದೆಯಂತೆ ನ್ಯಾಷನಲ್ ಗಾರ್ಡಿನವರಿಗೆ ವರ್ಷಕ್ಕೆ 48 ಕವಾಯಿತುಗಳೂ 15 ದಿನಗಳ ಶಿಬಿರವೂ ಕಡ್ಡಾಯವಾಗಿದ್ದುವು. ಹೊಸದಾಗಿ ಕಲಿತು ಬಂದ ಲಿಂಡ್‌ಬರ್ಗನು ತನಗಿಂತ ಹಿರಿಯರಾದ, ಮಹಾಯುದ್ಧವನ್ನು ಕಂಡ ವೈಮಾನಿಕರಿಗೆ ಪಾಠ ಹೇಳುತ್ತಿದ್ದನು. 1926ರಲ್ಲಿ ಆ ದಳದಲ್ಲಿ ಕ್ಯಾಪ್ಟನ್ ಆದನು.

ಹೊಟ್ಟೆಪಾಡಿಗೆ ದೊರೆತದ್ದು ಅಂಚೆಯ ಕೆಲಸ. 1926ರ ಏಪ್ರಿಲ್ 15ರಿಂದ ಸೇಂಟ್ ಲೂಯಿ ಮತ್ತು ಷಿಕಾಗೋ ನಗರಗಳ ನಡುವೆ ವಿಮಾನದಲ್ಲಿ ಅಂಚೆಯ ಚೀಲಗಳನ್ನು ಸಾಗಿಸುವ ರಾಬರ್ಟ್‌ಸನ್ ಕಂಪೆನಿಗೆ ಮುಖ್ಯ ವೈಮಾನಿಕನಾದನು. ರಾತ್ರಿಯ ಹಾದಿ, ಮಂಜು, ಹಿಮ; ದಾರಿ ತೋರಿಸಲು ರೇಡಿಯೋ ಇಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಒಮ್ಮೆ, ನವೆಂಬರಿನಲ್ಲಿ ಒಮ್ಮೆ, ಇಳಿಯಲು ನೆಲವೇ ಕಾಣದೆ ಪೆಟ್ರೋಲು ಮುಗಿದುದರಿಂದ ಕತ್ತಲೆಯಲ್ಲಿಯೇ ಧುಮುಕಬೇಕಾಯಿತು. ಮೊದಲನೆಯ ಸಲ ಧುಮುಕಿದ ಬಳಿಕ, ವಿಮಾನವು ವಾಲಿ ತಳದಲ್ಲಿದ್ದ ಪೆಟ್ರೋಲು ಹರಿದು ಎಂಜಿನು ಮತ್ತೆ ಚಲಿಸಿ, ಯಜಮಾನನಿಲ್ಲದ ಆ ವಿಮಾನವು ಅವನ ಸುತ್ತಲೇ ಸುತ್ತುತ್ತ ಇಳಿಯಿತು. ಆದರೂ ನೆಲ ಮುಟ್ಟಿದೊಡನೆ ಆತನು ಮಾಡಿದ ಮೊದಲ ಕೆಲಸವೆಂದರೆ ಅಂಚೆಯ ಚೀಲಗಳನ್ನು ಹುಡುಕಿ ರೈಲಿಗೆ ತಲುಪಿಸಿದುದು.

ನ್ಯೂಯಾರ್ಕಿಗೂ ಪ್ಯಾರಿಸಿಗೂ ನಡುವೆ ನಿಲ್ಲದೆ ಹಾರಿದವರಿಗೆ 25,000 ಡಾಲರುಗಳ ಓರ್ಟೀಗ್ ಬಹುಮಾನವಿದ್ದಿತು. ಪ್ರಸಿದ್ಧರಾದವರು ದೊಡ್ಡ ವಿಮಾನಗಳನ್ನೂ ಅನೇಕ ಸಂಗಡಿಗರನ್ನೂ ಕಟ್ಟಿಕೊಂಡು ಪ್ರಯತ್ನಿಸಿದರು, ಕೆಲವರು ಸತ್ತರು. ಲಿಂಡ್‌ಬರ್ಗನು ಸೇಂಟ್ ಲೂಯಿಯ ವರ್ತಕರ ಸಹಾಯದಿಂದ ಸ್ಯಾನ್ ಡಿಯಾಗೋದ ರಯಾನ್ ಕಂಪೆನಿಯಲ್ಲಿ ಎರಡು ತಿಂಗಳಲ್ಲಿ ವಿಮಾನವೊಂದನ್ನು ಕಟ್ಟಿಸಿದನು. ಭಾರ ಕಡಿಮೆಯಾದಷ್ಟೂ ಪೆಟ್ರೋಲು ಹೆಚ್ಚು ಒಯ್ಯಬಹುದೆಂದು ಲೆಕ್ಕಹಾಕಿ, ರೇಡಿಯೋ ಬಿಟ್ಟನು, ಪ್ಯಾರಾಚೂಟನ್ನೂ ಬಿಟ್ಟನು. ಮೂರು ಸಲವಲ್ಲ, ಅಷ್ಟರಲ್ಲಿ ನಾಲ್ಕು ಸಲ ಪ್ರಾಣ ಉಳಿಸಿದ್ದ ಪ್ಯಾರಾಚೂಟನ್ನು ಬಿಡುವುದಕ್ಕೆ ಎಷ್ಟು ಧೈರ್ಯ ಬೇಕೋ ಅಷ್ಟೇ ಗಣಿತವೂ ಬೇಕು. ಸಮುದ್ರದ ನಕ್ಷೆಯನ್ನು ನೂರು ನೂರು ಮೈಲಿಗಳ ತುಂಡುಗಳಾಗಿ ಭಾಗಿಸಿ, ಪ್ರತಿಯೊಂದರಲ್ಲಿಯೂ ದಿಕ್ಸೂಚಿಯನ್ನು ಎಷ್ಟು ತಿರುಗಿಸಬೇಕೆಂಬುದನ್ನು ಮೊದಲೇ ಬರೆದಿಟ್ಟುಕೊಂಡನು. ಐರ್ಲೆಂಡಿನ ದಡ ಕಂಡಾಗ ಗೊತ್ತುಮಾಡಿದ ದಾರಿಯಿಂದ ಕೆಲವೇ ಮೈಲಿ ಸರಿದಿದ್ದನು. ಇದಕ್ಕೆ ಅದೃಷ್ಟವೆನ್ನುವವರು ಪಾಯಖಾನೆಯ ದೀಪವನ್ನು ಮರೆತವರು.

ಮುಂದಿನ ಸನ್ಮಾನಗಳನ್ನು ವರ್ಣಿಸಲು ಸ್ಥಳ ಸಾಲದು. ಮೀಸಲು ಪಡೆಯ ಕ್ಯಾಪ್ಟನ್ನನು ಕರ್ನಲ್ ಆದನು. ಅಮೆರಿಕದ ಅತ್ಯುಚ್ಚ ಸೈನಿಕ ಪದಕವಾದ ಮೆಡಲ್ ಆಫ್ ಆನರನ್ನು ಕಾಂಗ್ರೆಸ್ ಸಭೆಯು ವಿಶೇಷ ಶಾಸನದಿಂದ ಅವನಿಗೆ ಕೊಟ್ಟಿತು. ಕೀರ್ತಿಯ ಹಿಂದೆಯೇ ದುಃಖವೂ ಬಂದಿತು. 1932ರಲ್ಲಿ ಅವನ ಎಳೆಯ ಮಗನನ್ನು ದುಷ್ಟರು ಕದ್ದೊಯ್ದು ಕೊಂದರು. ಜನರ ಕುತೂಹಲವನ್ನು ತಾಳಲಾರದೆ 1935ರ ಕೊನೆಯಲ್ಲಿ ಆತನು ಸಂಸಾರದೊಡನೆ ಯೂರೋಪಿಗೆ ಹೋದನು.

ಇಲ್ಲಿಂದ ಮುಂದಿನ ಕಥೆಯನ್ನು ಮುಚ್ಚಿಡುವುದು ನ್ಯಾಯವಲ್ಲ. 1936ರಿಂದ ಆತನು ಜರ್ಮನಿಗೆ ಹಲವು ಸಲ ಹೋಗಿ ಅಲ್ಲಿನ ವಾಯುಬಲವನ್ನು ನೋಡಿ ಬೆರಗಾದನು. 1938ರ ಅಕ್ಟೋಬರಿನಲ್ಲಿ ಹಿಟ್ಲರನ ಪರವಾಗಿ ಗೋರಿಂಗನು ಕೊಟ್ಟ ಪದಕವನ್ನು ಸ್ವೀಕರಿಸಿದನು. ಮರುತಿಂಗಳು ಜರ್ಮನಿಯಲ್ಲಿ ಯಹೂದಿಗಳ ಮೇಲೆ ಘೋರ ಹಿಂಸೆ ನಡೆದ ಮೇಲೂ ಅದನ್ನು ಹಿಂದಿರುಗಿಸಲಿಲ್ಲ. ಯುದ್ಧ ಆರಂಭವಾದಾಗ, ತಂದೆಯಂತೆಯೇ, ಅಮೆರಿಕವು ಅದರಲ್ಲಿ ಸೇರಕೂಡದೆಂದು ಊರೂರಿನಲ್ಲಿ ಭಾಷಣ ಮಾಡಿದನು. 1941ರ ಏಪ್ರಿಲಿನಲ್ಲಿ ಅಧ್ಯಕ್ಷ ರೂಸ್‌ವೆಲ್ಟನು ಅವನ ದೇಶನಿಷ್ಠೆಯನ್ನು ಬಹಿರಂಗವಾಗಿ ಶಂಕಿಸಿದನು. ನೊಂದ ಲಿಂಡ್‌ಬರ್ಗನು ಅದೇ ತಿಂಗಳ 28ರಂದು ಮೀಸಲು ಪಡೆಯ ಕರ್ನಲ್ ಪದವಿಗೆ ರಾಜೀನಾಮೆ ಕೊಟ್ಟನು. 104 ಮಂದಿಯ ನಡುವೆ ನಿದ್ದೆಗೆಟ್ಟು ಗಳಿಸಿದ ಅಧಿಕಾರಪತ್ರವು ಒಂದು ಕೋಪದಲ್ಲಿ ಹೋಯಿತು. ಸೆಪ್ಟೆಂಬರಿನಲ್ಲಿ ಡೆ ಮಾಯಿನ್ ನಗರದ ಭಾಷಣದಲ್ಲಿ ದೇಶವನ್ನು ಯುದ್ಧಕ್ಕೆ ನೂಕುವವರ ಸಾಲಿನಲ್ಲಿ ಯಹೂದಿಗಳನ್ನು ಹೆಸರಿಸಿದನು. ಆ ಮಾತು ತಪ್ಪಾಗಿದ್ದಿತು, ಕ್ರೂರವೂ ಆಗಿದ್ದಿತು. ಅವನನ್ನು ಹೊತ್ತು ಮೆರೆಸಿದ ಜನರೇ ಮುಖ ತಿರುಗಿಸಿದರು.

ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ಮೇಲೆ ಜಪಾನ್ ದಾಳಿ ಮಾಡಿತು. ಲಿಂಡ್‌ಬರ್ಗನು ಮತ್ತೆ ಸೈನ್ಯಕ್ಕೆ ಸೇರಬಯಸಿದನು. ಬಾಗಿಲು ತೆರೆಯಲಿಲ್ಲ. ಆತನು ಸುಮ್ಮನೆ ಕೂರಲಿಲ್ಲ. ವಿಮಾನದ ಕಾರ್ಖಾನೆಗಳಲ್ಲಿ ಸಲಹೆಗಾರನಾಗಿ ದುಡಿದನು. 1944ರಲ್ಲಿ ಪೆಸಿಫಿಕ್ ರಣರಂಗಕ್ಕೆ ನಾಗರಿಕನಾಗಿಯೇ ಹೋಗಿ, ಎಂಜಿನಿನ ಸುತ್ತುಗಳನ್ನು ತಗ್ಗಿಸಿ ಪೆಟ್ರೋಲು ಉಳಿಸಿ ಬಹುದೂರ ಹಾರುವ ಕ್ರಮವನ್ನು ಪಿ. 38 ವಿಮಾನಗಳ ತರುಣರಿಗೆ ಕಲಿಸಿದನು. ಸುಮಾರು 50 ಸಲ ತಾನೂ ಅವರೊಡನೆ ಯುದ್ಧಕ್ಕೆ ಹಾರಿದನು. ಸಮವಸ್ತ್ರದ ಮೇಲೆ ದರ್ಜೆಯ ಗುರುತೇ ಇಲ್ಲದವನು ದರ್ಜೆಯುಳ್ಳವರಿಗೆ ಗುರುವಾದನು.

ಯುದ್ಧ ಮುಗಿದ ಬಹುಕಾಲದ ಮೇಲೆ, 1954ರಲ್ಲಿ, ಅಧ್ಯಕ್ಷ ಐಸೆನ್‌ಹೋವರನು ಅವನನ್ನು ವಾಯುಪಡೆಯ ಮೀಸಲು ದಳದಲ್ಲಿ ಬ್ರಿಗೇಡಿಯರ್ ಜನರಲ್ ಆಗಿ ನೇಮಿಸಿದನು. ಕಳೆದುಹೋದ ಅಧಿಕಾರಪತ್ರವು 13 ವರ್ಷಗಳ ಬಳಿಕ ಮರಳಿತು. 1974ರ ಆಗಸ್ಟ್ 26ರಂದು ಹವಾಯಿ ದ್ವೀಪಗಳ ಮಾವಿ ಎಂಬಲ್ಲಿ ಲಿಂಡ್‌ಬರ್ಗನು ತೀರಿಕೊಂಡನು.

ಈ ಚರಿತ್ರೆಯಲ್ಲಿ ನಮಗೆ ಎರಡು ವಿಚಾರಗಳು ಕಾಣುತ್ತವೆ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥ ಅನೇಕರಿಗೆ 72 ಎಂಬ ಅಂಕದ ಬೆಲೆ ಚೆನ್ನಾಗಿ ಗೊತ್ತು. ಒಮ್ಮೆ ನಪಾಸಾದವನ ಬಾಳು ಅಲ್ಲಿಗೇ ಮುಗಿಯುವುದಿಲ್ಲ. ತನಗೆ ಬೇಕಾದುದೇನೆಂದು ತಿಳಿದವನು ಬೇಡವೆನಿಸಿದ ಪಾಠವನ್ನೂ ಕಲಿತಾನು. ಇದು ಮೊದಲನೆಯದು. ಎರಡನೆಯದು ಇನ್ನೂ ಕಷ್ಟವಾದುದು. ವಿಮಾನ ನಡೆಸುವ ವಿದ್ಯೆಯನ್ನು ಒಂದು ವರ್ಷದಲ್ಲಿ ಕಲಿಸಬಹುದು, ಪರೀಕ್ಷೆ ಮಾಡಬಹುದು, ಅಂಕ ಕೊಡಬಹುದು. ಮನುಷ್ಯರನ್ನು ತೂಗಿ ನೋಡುವ ವಿವೇಕಕ್ಕೆ ಬ್ರೂಕ್ಸ್ ಫೀಲ್ಡಿನಲ್ಲಿ ತರಗತಿಯಿರಲಿಲ್ಲ. ದಿಕ್ಸೂಚಿಯನ್ನು ಅಷ್ಟು ಚೆನ್ನಾಗಿ ಓದಿದವನು ತನ್ನ ಕಾಲವನ್ನು ತಪ್ಪಾಗಿ ಓದಿದನು. ಕಲಾವಿಭಾಗದ ವಿದ್ಯಾರ್ಥಿಗಳಾದ ನಾವು ಚರಿತ್ರೆಯನ್ನೂ ರಾಜ್ಯಶಾಸ್ತ್ರವನ್ನೂ ಏತಕ್ಕೆ ಓದಬೇಕೆಂದು ಯಾರಾದರೂ ಕೇಳಿದರೆ, ಲಿಂಡ್‌ಬರ್ಗನ ಬಾಳನ್ನು ಅವರ ಮುಂದಿಡಬಹುದು.